ಹಿಮ್ಮುಖವಾಗಿ ಗುಡಿಸಿದ ಅಂಗಳ

ಕೋಳಿಯ ಎದೆಬಡಿತ ಕಾಲಿನ ಕಿರುಬೆರಳಿಗೆ ತಾಗುತ್ತಿದೆ, ಸೀಟಿನ ಕೆಳಗಿನ ಬುಟ್ಟಿಯಿಂದ, ಬಿದಿರಿನ ಸಂದಿಯಲ್ಲಿ ಬೆಚ್ಚಗಿನ ಗರಿ, ಗರಿಯ ಹಿಂದೆ ಟಕಟಕ ಟಕಟಕ, ಇಷ್ಟು ಜೋರಾಗಿ ಬಡಿದುಕೊಂಡರೆ ದೊಡ್ಡವರು ಉಳಿಯುವುದಿಲ್ಲ, ಹೊಟ್ಟೆಯೊಳಗಿನ ಕೂಸಿಗಾದರೆ ಸರಿ, ನಿಮಿಷಕ್ಕೆ ನೂರನಲವತ್ತು, ಮರದ ಕೊಳವೆಯನ್ನು ಬಸುರಿಯ ಹೊಟ್ಟೆಗೊತ್ತಿ ಕಿವಿಯಿಟ್ಟು ಎಣಿಸಬೇಕು — ಈಗ ಎಣಿಸಬೇಡ, ಎಣಿಸಿದರೆ ಎನೆಲೆಸ್ ನೆನಪಾಗುತ್ತಾಳೆ, ನೆನಪಾದಳು. ತವೋಂಗಾ ಕಾಲನ್ನು ಒಳಕ್ಕೆಳೆದುಕೊಂಡು ಕಿಟಕಿಯಾಚೆ ನೋಡಿದಳು. ಮ್ಜುಜು ಬಸ್‌ಸ್ಟ್ಯಾಂಡಿನಲ್ಲಿ ಬೆಳಗಿನ ಎಂಟು ಗಂಟೆ, ಬೇಯಿಸಿದ ಮೊಟ್ಟೆ ಮಾರುವವಳು ಉಪ್ಪಿನ ಪೊಟ್ಟಣ ಕಟ್ಟುತ್ತಿದ್ದಾಳೆ, ಲಿಲೊಂಗ್ವೆ ಲಿಲೊಂಗ್ವೆ ಇನ್ನು ಐದೇ ಸೀಟು ಎಂದು ಮಿನಿಬಸ್ಸಿನ ಕಂಡಕ್ಟರ್ ಕೂಗುತ್ತಿದ್ದಾನೆ, ಅರ್ಧ ಗಂಟೆಯಿಂದ ಐದೇ ಸೀಟು, ಸುಳ್ಳ, ಇವತ್ತು ಇಲ್ಲಿ ಸುಳ್ಳು ಹೇಳಿದವನು ಅವನೊಬ್ಬನೇ ಅಲ್ಲ. ಅಕ್ಕಾ, ಕೋಳಿಗೂ ಟಿಕೆಟ್ ಆಗುತ್ತೆ ನೋಡಿ, ಅದು ರಾಜಧಾನಿಗೆ ಯಾಕೆ ಹೊರಟಿದೆ, ಎಲೆಕ್ಷನ್ನಿಗೆ ನಿಂತಿದೆಯಾ. ಹಿಂದಿನ ಸೀಟಿನವರು ನಕ್ಕರು, ಅವಳೂ ನಕ್ಕಳು, ನಗು ಬಂದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಹೊರಗೆ ಬಸ್ಸಿನ ಪಕ್ಕ ಅವಳ ಸ್ಪಂಜಿನ ಹಾಸಿಗೆ ನಿಂತಿದೆ, ಸುರುಳಿ ಸುತ್ತಿ ನೀಲಿ ಹಗ್ಗ ಬಿಗಿದದ್ದು, ಪಕ್ಕದಲ್ಲಿ ಅಡುಗೆಯ ಪಾತ್ರೆ, ಮೆಕ್ಕೆಜೋಳದ ಹಿಟ್ಟಿನ ಚೀಲ. ಹಾಸಿಗೆ ಮೇಲಕ್ಕೆ ಹಾಕ್ಲಾ ಅಕ್ಕಾ. ತಡಿ. ತಡಿ ತಡಿ ಅಂತ ಎಷ್ಟು ಸಲ. ತಡಿ ಅಂದೆನಲ್ಲ.

ಆ ಹಾಸಿಗೆಗೆ ಲಿಲೊಂಗ್ವೆಯಲ್ಲಿ ಏನು ಕೆಲಸ, ಕ್ಲಬ್ಬಿನ ಹಾಸ್ಟೆಲಿನಲ್ಲಿ ಮಂಚವಿದೆ, ಹಾಸಿಗೆಯಿದೆ, ಮೂರು ಹೊತ್ತು ಊಟವಿದೆ, ಬರುವಾಗ ಶೂ ಒಂದು ತಂದರೆ ಸಾಕು ಎಂದಿದ್ದರು ಕೋಚ್ ಮೇಡಂ. ಹಾಸಿಗೆ ಕಟ್ಟಿದ್ದು ಅಮ್ಮ. ಕಬೇಸಾಕ್ಕೆ ಎಂದು ಕಟ್ಟಿದ್ದು. ನಸುಕಿನಲ್ಲೇ ಎದ್ದು ಮೊಣಕಾಲೂರಿ ಹಗ್ಗ ಬಿಗಿಯುತ್ತ, ಗುಡ್ಡದ ಮೇಲೆ ಚಳಿ ಕಣೇ, ಸಿಮೆಂಟ್ ನೆಲದ ಮೇಲೆ ಬರೀ ಚಾಪೇಲಿ ಮಲಗಬೇಡ, ಈ ಕೋಳಿ ಆ ಊರಿನವರು ನಿನಗೆ ಕೊಟ್ಟಿದ್ದೇ, ಅಲ್ಲಿಗೇ ವಾಪಸ್ ತಗೊಂಡು ಹೋಗು, ಮೊಟ್ಟೆ ಇಡ್ತಿದೆ, ಅಲ್ಲಿ ನಿನಗೆ ಮಾರ್ಕೆಟ್ ಎಲ್ಲಿದೆ. ಶುಕ್ರವಾರ ಸರೋವರದ ಕಡೆಯಿಂದ ಒಣಮೀನಿನ ಲಾರಿ ಬರುವ ದಿನ, ಅಮ್ಮ ಬಸ್‌ಸ್ಟ್ಯಾಂಡಿಗೆ ಬರುವ ಹಾಗಿರಲಿಲ್ಲ, ಅದನ್ನು ತವೋಂಗಾ ಮೊದಲೇ ಲೆಕ್ಕ ಹಾಕಿದ್ದಳು, ಅದನ್ನೂ ಲೆಕ್ಕ ಹಾಕಿದ್ದಳು. ಕಬೇಸಾ ಗಾಡಿ ಎಷ್ಟೊತ್ತಿಗೆ. ಎಂಟೂವರೆಗೆ. ಅಷ್ಟೇ ಹೇಳಿದ್ದು. ಅದು ಸುಳ್ಳೂ ಅಲ್ಲ, ಕಬೇಸಾದ ಪಿಕಪ್ ಹೊರಡುವುದು ಎಂಟೂವರೆಗೇ. ಅಮ್ಮ ಮೀನುವಾಸನೆಯ ಎರಡೂ ಕೈಯಲ್ಲಿ ಅವಳ ಮುಖ ಹಿಡಿದು, ಹೋಗು ನನ್ನ ಸರ್ಕಾರಿ ತಾಯಿ, ಅಂದಿದ್ದಳು. ಆ ವಾಸನೆ ಈಗಲೂ ಕೆನ್ನೆಯ ಮೇಲಿದೆ, ಒರೆಸಿಕೊಂಡರೆ ಹೋಗುತ್ತದೆ, ಒರೆಸಿಕೊಂಡಿಲ್ಲ.

ಅಮ್ಮನಿಗೆ ಕ್ಲಬ್ಬಿನ ವಿಷಯ ಗೊತ್ತಿಲ್ಲವೆಂದಲ್ಲ. ಹೇಳಿದ್ದಳು, ಹದಿನೈದು ದಿನದ ಹಿಂದೆ, ಕೇಳುವ ಹಾಗೆ ಹೇಳಿದ್ದಳು, ಒಂದು ಕ್ಲಬ್ಬಿನವರು ಕರೀತಿದಾರೆ, ನೆಟ್‌ಬಾಲ್ ಆಡೋಕೆ, ಸಂಬಳ ಕೊಡ್ತಾರೆ. ಎಷ್ಟು ವರ್ಷ. ಒಂಬತ್ತು ತಿಂಗಳು. ಆಮೇಲೆ. ಆಮೇಲೆ ನೋಡೋಣ ಅಂದಿದಾರೆ. ಯಾರ ಜಾಗ ಅದು. ಥೋಕೊ ಅಂತ, ಬಸುರಿಯಾಗಿದಾಳೆ. ಅಮ್ಮ ಮೀನಿನ ತಲೆ ಮುರಿಯುವುದನ್ನು ನಿಲ್ಲಿಸಿರಲಿಲ್ಲ. ಅಂದ್ರೆ ಅವಳು ಹೆತ್ತು ಎದ್ದು ಬರೋವರೆಗೂ ನೀನು ಅವಳ ಅಂಗಿ ಹಾಕ್ಕೊಂಡಿರ್ತೀಯ. ಆಮೇಲೆ ಅವಳು ಬಂದು, ನನ್ನ ಅಂಗಿ ಬಿಚ್ಚೇ ಅಂತಾಳೆ. ಅಷ್ಟೇ ಮಾತು, ಮತ್ತೆ ಆ ವಿಷಯ ಎತ್ತಲಿಲ್ಲ, ಎತ್ತುವ ಅಗತ್ಯ ಇರಲಿಲ್ಲ, ಗೋಡೆಯ ಮೇಲೆ ಅಪ್ಪನ ಫೋಟೋ ಇತ್ತು. ಅಪ್ಪ ಇಪ್ಪತ್ತೆರಡು ವರ್ಷ ತಾತ್ಕಾಲಿಕ. ಗುಡ್ಡದ ಪೈನ್ ತೋಪಿನಲ್ಲಿ ಮರ ಕಡಿಯುವ ಗುಂಪು, ಮೂರು ತಿಂಗಳಿಗೊಂದು ಹೊಸ ಕಾಗದ, ಹೊಸ ಹೆಬ್ಬೆಟ್ಟು, ಮರ ಅವನ ಮೇಲೆ ಬಿದ್ದ ದಿನ ಹಳೆಯ ಕಾಗದ ಮುಗಿದು ಹೊಸದಕ್ಕೆ ಎರಡು ದಿನ ಬಾಕಿ ಇತ್ತು, ಹಾಗಾಗಿ ಆ ದಿನ ಅವನು ಯಾರ ಕೆಲಸದವನೂ ಆಗಿರಲಿಲ್ಲ, ಸುಮ್ಮನೆ ಮರದ ಕೆಳಗೆ ನಿಂತಿದ್ದ ಒಬ್ಬ ಮನುಷ್ಯ. ಶವಪೆಟ್ಟಿಗೆಗೆ ಹಲಗೆ ಕೊಟ್ಟರು. ಅವನೇ ಕಡಿದ ಮರದ್ದಿರಬಹುದು. ಖಾಯಂ ಎಂಬ ಮಾತನ್ನು ಅಮ್ಮ ದೇವರ ಹೆಸರಿನ ಹಾಗೆ ಹೇಳುತ್ತಾಳೆ, ಸ್ವಲ್ಪ ದನಿ ತಗ್ಗಿಸಿ. ನರ್ಸ್ ಕಾಲೇಜು ಮುಗಿದ ಮೇಲೆ ಎರಡು ವರ್ಷ ಮನೆಯಲ್ಲಿ ಕೂತು, ಮೀನು ಆರಿಸಿ, ಕೊನೆಗೆ ಆ ಕಂದು ಲಕೋಟೆ ಬಂದಾಗ, ಖಾಯಂ, ಪಿಂಚಣಿ ಸಹಿತ, ಕಬೇಸಾ ಆರೋಗ್ಯ ಕೇಂದ್ರ, ಅಮ್ಮ ಲಕೋಟೆಯನ್ನು ಓದಿಸಿ ಕೇಳಿ, ಮತ್ತೊಮ್ಮೆ ಓದು ಅಂದು, ಫೋಟೋದ ಚೌಕಟ್ಟಿನೊಳಗೆ ಸಿಕ್ಕಿಸಿದಳು. ನಾಲ್ಕು ದಿನ ಅಪ್ಪ ಆ ಲಕೋಟೆಯ ಹಿಂದೆ ಅರ್ಧ ಮುಖವಾಗಿದ್ದ.

ಮೇಡಂ ಫೋನ್ ಮಾಡಿದ್ದು ಐದನೆಯ ದಿನ. ತವೋಂಗಾ, ಥೋಕೊ ಈ ಸೀಸನ್ ಇಲ್ಲ, ನಿನ್ನ ಆಟ ಕಾಲೇಜು ಟೂರ್ನಿಯಲ್ಲಿ ನೋಡಿದೀನಿ, ಬರ್ತೀಯಾ. ಹೂಂ ಮೇಡಂ. ಯೋಚನೆ ಮಾಡಿ ಹೇಳು. ಹೂಂ ಅಂದೆನಲ್ಲ ಮೇಡಂ. ಮೇಡಂ ನಕ್ಕರು, ಸರಿ, ಚೆಂಡು ಕೈಗೆ ಬಂದ್ರೆ ಮೂರು ಸೆಕೆಂಡು, ನಾಲ್ಕನೇದು ನಿನ್ನದಲ್ಲ, ಅದು ನಿನಗೆ ಗೊತ್ತಿದೆ, ನರ್ಸ್ ಕೆಲಸ ಐವತ್ತಕ್ಕೂ ಮಾಡಬಹುದು, ಈ ಮೊಣಕಾಲು ಐವತ್ತಕ್ಕೆ ಸಿಗಲ್ಲ. ನೆಟ್‌ಬಾಲಿನಲ್ಲಿ ಚೆಂಡು ಹಿಡಿದು ಓಡುವಂತಿಲ್ಲ, ಮೂರು ಸೆಕೆಂಡಿನೊಳಗೆ ಎಸೆಯಬೇಕು, ಎಂಟನೆಯ ವಯಸ್ಸಿನಿಂದ ಅವಳ ಮೈಗೆ ಗೊತ್ತಿರುವ ನಿಯಮ ಅದೊಂದೇ, ಪ್ಲಾಸ್ಟಿಕ್ ಚೀಲಗಳನ್ನು ಉಂಡೆಗಟ್ಟಿ ದಾರ ಸುತ್ತಿದ ಚೆಂಡು, ನೀಲಗಿರಿ ಕಂಬದ ತುದಿಗೆ ಸೈಕಲ್ ರಿಮ್, ಬರಿಗಾಲು, ಎದುರಾಳಿ ಚೆಂಡು ಎಸೆಯುವ ಮುಂಚೆ ಅವಳ ಭುಜ ಅಲುಗುವುದು ಕಾಣುತ್ತದೆ, ಎಸೆಯುವವಳಿಗೇ ಗೊತ್ತಿಲ್ಲದ್ದು ತವೋಂಗಾಗೆ ಗೊತ್ತಾಗಿ ಕಾಲು ನೆಲ ಬಿಟ್ಟಿರುತ್ತದೆ, ಗಾಳಿಯಲ್ಲಿ ಚೆಂಡು ಅಂಗೈಗೆ ಬಡಿಯುತ್ತದೆ, ಆ ಸದ್ದು. ನರ್ಸ್ ತರಬೇತಿಯಲ್ಲಿ ನಲವತ್ತೊಂದು ಕೂಸು ಹಿಡಿದಿದ್ದಾಳೆ. ಒಂದನ್ನೂ ಕೈ ಜಾರಿಸಿಲ್ಲ. ಆದರೆ ಒಂದು ಸಲವೂ, ಒಂದೇ ಒಂದು ಸಲವೂ, ಅಂಗೈಯಲ್ಲಿ ಆ ಸದ್ದು ಆಗಿಲ್ಲ. ಇದನ್ನು ಯಾರ ಮುಂದೆ ಹೇಳುವುದು. ಥೋಕೊ ಬಸುರಿ ಎಂದು ಕೇಳಿದಾಗ ಎದೆ ಕುಣಿಯಿತು, ಒಬ್ಬ ಸೂಲಗಿತ್ತಿಗೆ ಆಗಬೇಕಾದ ಸಂತೋಷ ಅದಲ್ಲ, ಹಿಂದಿನ ವರ್ಷ ಅವಳ ಪಾದ ಉಳುಕಲಿ ಎಂದು ಬಯಸಿದ್ದೂ ಉಂಟು. ಜಿ ಡಿ, ಎದೆಯ ಮೇಲೆ ಎರಡು ಅಕ್ಷರದ ಅಂಗಿ, ಗೋಲಿನ ಮುಂದೆ ತಡೆಯುವವಳು, ಒಂಬತ್ತು ತಿಂಗಳು, ಅದಷ್ಟೇ ಬೇಕು, ಒಂಬತ್ತು ತಿಂಗಳಲ್ಲಿ ಏನು ಮುಳುಗಿಹೋಗುತ್ತದೆ — ಎನೆಲೆಸ್‌ಗೆ ಇನ್ನು ಹತ್ತೋ ಹನ್ನೆರಡೋ ದಿನ.

ಕಬೇಸಾಕ್ಕೆ ಹೋಗಬಾರದಿತ್ತು. ಮೇಡಂಗೆ ಹೂಂ ಅಂದ ಮೇಲೆ ಹೋದದ್ದು, ಅದೇ ತಪ್ಪು, ಒಂದು ಸಲ ನೋಡಿ ಬರೋಣವೆಂದು ಹೋದಳು, ನಿಜವಾಗಿ ಹೋದದ್ದು ಬೇರೆಯದಕ್ಕೆ, ಸೋರುವ ಮನೆ ಕಾಣಲಿ, ಊರ ಮುಖಂಡ ಕುಡುಕನಾಗಿರಲಿ, ಜನ ಒರಟರಾಗಿರಲಿ, ಆಗ ಬೇಡವೆನ್ನಲು ಸುಲಭ. ಪಿಕಪ್ ಇಳಿದರೆ ರಸ್ತೆಯ ತಿರುವಿನಿಂದಲೇ ಹೆಂಗಸರ ಹಾಡು. ಹಿಂದಿನ ನರ್ಸ್ ಹೋಗಿ ನಾಲ್ಕು ವರ್ಷ, ಅವರಿದ್ದದ್ದು ಹುಲ್ಲಿನ ಮನೆ, ಮಳೆಗಾಲದಲ್ಲಿ ಔಷಧಿಯ ಪೆಟ್ಟಿಗೆಯೇ ನೆನೆಯುತ್ತಿತ್ತಂತೆ, ಮನೆ ಇಲ್ಲ ಅಂತ ಅವರು ಹೋದ್ರು ಸಿಸ್ಟರ್, ಈಗ ಮನೆ ಇದೆ, ಎಂದು ಮುಖಂಡ ಕೈ ತೋರಿಸಿದ. ಇಟ್ಟಿಗೆಯನ್ನು ಊರವರೇ ಅಚ್ಚು ಹಾಕಿ ಸುಟ್ಟದ್ದು, ನೀರು ಹಳ್ಳದಿಂದ ಹೆಂಗಸರ ತಲೆಯ ಮೇಲೆ, ತಗಡು ಮಾತ್ರ ಸರ್ಕಾರದ್ದು, ತಗಡಿಗೇ ಒಂದೂವರೆ ವರ್ಷ ಕಾದರಂತೆ. ಇಟ್ಟಿಗೆಯೊಂದರ ಮೇಲೆ ಕೂಸಿನ ಪಾದದ ಗುರುತಿತ್ತು, ಹಸಿಯಿದ್ದಾಗ ಯಾರದೋ ಮಗು ತುಳಿದದ್ದು. ಊಟಕ್ಕೆ ಕೂತಾಗ ಸಿಮಾ, ಮೆಕ್ಕೆಜೋಳದ ಮುದ್ದೆ, ಕೋಳಿ, ಕೋಳಿಯ ಹೊಟ್ಟೆಯ ಆ ಗಟ್ಟಿ ತುಂಡು, ಕಾಳು ಅರೆಯುವ ಚೀಲ, ಅದು ಯಾವಾಗಲೂ ಮುಖಂಡನ ಪಾಲು, ಹೆಂಗಸರು ಅದನ್ನು ಬಾಯಿಗಿಡುವ ಪದ್ಧತಿಯೇ ಇಲ್ಲ. ಮುಖಂಡ ಬಟ್ಟಲನ್ನು ಅವಳತ್ತ ಸರಿಸಿದ. ತಿಂದರೆ ಒಪ್ಪಿದ ಹಾಗೆ, ಅದು ಅವಳಿಗೆ ಗೊತ್ತು, ಅವಳೂ ಇದೇ ಗುಡ್ಡಗಳ ಜನ. ಬೇಡ ಅನ್ನಬೇಕಿತ್ತು, ಹೊಟ್ಟೆ ಸರಿಯಿಲ್ಲ ಅನ್ನಬಹುದಿತ್ತು, ನರ್ಸ್ ಹೇಳಿದರೆ ನಂಬುತ್ತಾರೆ. ಹಸಿವಾಗಿತ್ತು. ತಿಂದಳು. ರಬ್ಬರಿನ ಹಾಗೆ ಬಹಳ ಹೊತ್ತು ಅಗಿಯಬೇಕಾಯಿತು, ಅಗಿಯುವಷ್ಟೂ ಹೊತ್ತು ಅವರು ನೋಡುತ್ತಿದ್ದರು, ನುಂಗಿದಾಗ ಹೆಂಗಸರು ಸಂತೋಷದ ಕೇಕೆ ಹಾಕಿದರು. ನಿಮ್ಮ ಹೆಸರೇ ತವೋಂಗಾ, ಧನ್ಯವಾದ ಅಂತ ತಾನೆ, ಒಳ್ಳೇದಾಯ್ತು, ಕರೆದಾಗಲೆಲ್ಲ ಹೇಳಿದ ಹಾಗಾಗುತ್ತೆ, ಬೇರೆ ಹೇಳೋ ಕೆಲಸ ಇಲ್ಲ, ಎಂದಳು ನ್ಯಾಜಿಂಬಾ ಅಜ್ಜಿ.

ನ್ಯಾಜಿಂಬಾ ಊರಿನ ಹಳೆಯ ಸೂಲಗಿತ್ತಿ. ಆಸ್ಪತ್ರೆ ಬಂದ ಮೇಲೆ ಊರವರೇ ಕಟ್ಟು ಮಾಡಿದರು, ಮನೆಯಲ್ಲಿ ಹೆತ್ತರೆ ಒಂದು ಮೇಕೆ ದಂಡ, ಆಮೇಲೆ ನರ್ಸ್ ಹೋದರು, ಕಟ್ಟು ಮಾತ್ರ ಉಳಿಯಿತು, ಈಗ ಬೇನೆ ಬಂದವರು ಇಪ್ಪತ್ತಮೂರು ಕಿಲೋಮೀಟರು ನಡೆದು ಇನ್ನೊಂದು ಆಸ್ಪತ್ರೆಗೆ. ಮೊದಲು ಈ ಕೈ ಕೂಸು ಹಿಡೀತಿತ್ತು, ಈಗ ಪೊರಕೆ ಹಿಡಿಯುತ್ತೆ, ಎಂದು ಅಜ್ಜಿ ಕೈ ತಿರುಗಿಸಿ ತೋರಿಸಿದಳು, ದೂರಲಿಲ್ಲ, ತೋರಿಸಿದಳು ಅಷ್ಟೆ. ಅವಳ ಮೊಮ್ಮಗಳು ಎನೆಲೆಸ್, ಹತ್ತೊಂಬತ್ತು ವರ್ಷ, ಚೊಚ್ಚಲು, ಹೊಟ್ಟೆಯ ಮೇಲೆ ಸೊಂಟದ ಬಟ್ಟೆ ಬಿಗಿದು ಜಗಲಿಯ ಕಂಬಕ್ಕೆ ಒರಗಿದವಳು, ಸಿಸ್ಟರ್, ನಾನೇ ನಿಮ್ಮ ಮೊದಲನೆಯವಳು, ನೀವು ಬರೋವರೆಗೂ ಗಟ್ಟಿಯಾಗಿ ಹಿಡ್ಕೊಂಡಿರ್ತೀನಿ. ಹೆಂಗಸರು ನಕ್ಕರು, ಹಿಡ್ಕೊಳ್ಳೋದನ್ನ ಒಂಬತ್ತು ತಿಂಗಳ ಹಿಂದೆ ಯೋಚಿಸಬೇಕಿತ್ತು ಕಣೇ. ಬೀಗದ ಕೈ ಕೊಟ್ಟದ್ದೂ ಅಜ್ಜಿಯೇ, ಕೆಂಪು ಚಿಂದಿ ಕಟ್ಟಿದ್ದು, ಇದೊಂದೇ ಸಿಸ್ಟರ್, ಇನ್ನೊಂದಿತ್ತು, ಮೇಕೆ ತಿಂತು, ಮೂರು ದಿನ ಅದರ ಹಿಂದೆ ಓಡಾಡಿದ್ವಿ, ಕೊಡಲಿಲ್ಲ. ಮಾರನೆಯ ಬೆಳಿಗ್ಗೆ ಬಾಗಿಲು ತೆರೆದಾಗ ಅಜ್ಜಿ ಅಂಗಳದಲ್ಲಿದ್ದಳು, ಹೊಸ್ತಿಲಿಗೆ ಮುಖ ಮಾಡಿ, ಬಗ್ಗಿ, ಹುಲ್ಲಿನ ಪೊರಕೆಯಲ್ಲಿ ಗುಡಿಸುತ್ತ ಹಿಂದಕ್ಕೆ ಹಿಂದಕ್ಕೆ ಹೋಗುತ್ತಿದ್ದಳು, ತನ್ನ ಹೆಜ್ಜೆಯನ್ನು ತಾನೇ ಅಳಿಸುತ್ತ, ಬೇಲಿಯವರೆಗೂ. ಕೆಂಪು ಮಣ್ಣಿನ ಮೇಲೆ ಅರ್ಧಚಂದ್ರದ ಗೆರೆಗಳು, ಒಂದರ ಪಕ್ಕ ಒಂದು, ಒಂದೂ ಹೆಜ್ಜೆ ಇಲ್ಲ. ನಾಲ್ಕು ವರ್ಷದಿಂದ ಹೀಗೇ ಅಂತೆ, ಮನೆಯ ಪಾಯ ಹಾಕಿದ ದಿನದಿಂದ, ಯಾರೂ ಇಲ್ಲದ ಮನೆ ಅಂತ ಮನೆಗೆ ಗೊತ್ತಾಗಬಾರದಲ್ಲ. ಬನ್ನಿ ಸಿಸ್ಟರ್, ಮೊದಲ ಹೆಜ್ಜೆ ನಿಮ್ಮದು. ಅವಳು ಬರಿಗಾಲಲ್ಲಿ ಇಳಿದಳು, ಮಣ್ಣು ತಂಪಾಗಿತ್ತು, ಶಾಲೆಯ ಮೈದಾನವನ್ನು ಪಂದ್ಯದ ದಿನ ಹೀಗೇ ಗುಡಿಸುತ್ತಿದ್ದರು, ಆ ತಂಪು ಅಂಗಾಲಿಗೆ ತಾಗಿದ್ದೇ ಆಡಬೇಕೆನಿಸಿತು, ಕೈ ಬೀಸಿ ಹಾರಬೇಕೆನಿಸಿತು, ಆ ಅಂಗಳದ ಮೇಲೆ ಅವಳು ಯೋಚಿಸಿದ್ದು ಅದನ್ನು. ಆಸ್ಪತ್ರೆಯ ಮೂಲೆಯಲ್ಲಿ ಹೊಸ ಕಂಬಕ್ಕೆ ಸೈಕಲ್ ರಿಮ್ ಹೊಡೆದಿದ್ದರು, ನೀವು ಆಡ್ತೀರಿ ಅಂತ ಪಿಕಪ್ಪಿನ ಕುಮ್ವೆಂಡಾ ಹೇಳಿದ, ನಮ್ಮ ಹುಡುಗೀರಿಗೂ ಕಲಿಸಿ. ಬೀಗದ ಕೈ ಅವಳ ಅಂಗೈಯಲ್ಲಿತ್ತು. ಈಗಲೂ ಇದೆ.

ಇನ್ನು ಎರಡೇ ಸೀಟು, ಈ ಸಲ ಕಂಡಕ್ಟರ್ ಹೇಳಿದ್ದು ನಿಜ. ಇವತ್ತು ಸಂಜೆ ನಾಲ್ಕೂವರೆಯೊಳಗೆ ಕಬೇಸಾದ ಹಾಜರಿ ಪುಸ್ತಕದಲ್ಲಿ ಅವಳ ಸಹಿ ಬೀಳಬೇಕು. ಜಿಲ್ಲಾ ಕಚೇರಿಯ ಗುಮಾಸ್ತನನ್ನು ಕೇಳಿದ್ದಳು, ಒಂದು ವೇಳೆ ನಾನು ಹೋಗದೇ ಇದ್ರೆ ಇನ್ನೊಬ್ಬರನ್ನ ಕಳಿಸ್ತೀರಾ. ಅವನು ಕನ್ನಡಕದ ಮೇಲಿಂದ ನೋಡಿದ. ಇನ್ನೊಬ್ಬರು ಬರಲ್ಲ ಸಿಸ್ಟರ್, ಹುದ್ದೇನೇ ರಾಜಧಾನಿಗೆ ವಾಪಸ್ ಹೋಗುತ್ತೆ, ಮತ್ತೆ ಬರೋಕೆ ಎರಡು ವರ್ಷನೋ ಮೂರೋ, ಯಾಕೆ ಕೇಳಿದ್ರಿ. ಸುಮ್ಮನೆ. ಕೇಳದೇ ಇದ್ದಿದ್ದರೆ ಗೊತ್ತಿರಲಿಲ್ಲ ಎನ್ನಬಹುದಿತ್ತು. ಎದುರಿಗೆ ನೀಲಗಿರಿ ಮರದ ಕೆಳಗೆ ಬಿಳಿ ಪಿಕಪ್ ಬಂದು ನಿಂತಿತು, ಹಿಂದೆ ಸಿಮೆಂಟು, ಎಣ್ಣೆ ಡಬ್ಬಿ, ಹೆಂಗಸರು, ಕುಮ್ವೆಂಡಾ ಇಳಿದು ಟಯರಿಗೆ ಒದ್ದು ನೋಡಿ ಸುತ್ತ ಕಣ್ಣು ಹಾಯಿಸಿದ, ಅವಳು ತಲೆ ತಗ್ಗಿಸಿದಳು, ಆದರೆ ಹಾಸಿಗೆ ತಲೆ ತಗ್ಗಿಸುವುದಿಲ್ಲ, ನೀಲಿ ಹಗ್ಗದ ಹಾಸಿಗೆ ಎಲ್ಲರಿಗೂ ಕಾಣುವಂತೆ ನಿಂತಿತ್ತು. ಓ ಸಿಸ್ಟರ್, ಇದೇನು, ತಪ್ಪು ಗಾಡಿ ಹತ್ತಿದೀರಲ್ಲ. ದೊಡ್ಡ ಆಳು, ಕಿಟಕಿಯ ತುಂಬ ಅವನ ಮುಖ, ಮುಂದಿನ ಸೀಟು ನಿಮಗೇ ಅಂತ ಇಟ್ಟಿದೀನಿ, ಮೂರು ಜನ ಜಗಳ ಆಡಿದ್ರು ಕೊಟ್ಟಿಲ್ಲ, ಸಿಸ್ಟರ್ ಹತ್ರ ದುಡ್ಡು ಇಸ್ಕೊಂಡ್ರೆ ಗಾಡಿಗೆ ಕಲ್ಲು ಹೊಡೀತೀನಿ ಅಂತ ನ್ಯಾಜಿಂಬಾ ಹೇಳಿ ಕಳಿಸಿದಾಳೆ. ಒಂದು. ಹೇಳಿಬಿಡು, ನಾನು ಬರ್ತಿಲ್ಲ ಅಣ್ಣ, ಮೂರೇ ಪದ. ಎರಡು. ಅವನ ಮೂಗಿನ ಮೇಲೆ ಸಿಮೆಂಟಿನ ಧೂಳು. ಮೂರು. ಲಿಲೊಂಗ್ವೆಯಲ್ಲಿ ಒಂದು ಕಾಗದದ ಕೆಲಸ ಇದೆ ಅಣ್ಣ, ಸೋಮವಾರ ಬರ್ತೀನಿ.

ಕುಮ್ವೆಂಡಾ ತಲೆಯಾಡಿಸಿದ, ಹೂಂ, ಸರ್ಕಾರ ಅಂದ್ರೆ ಕಾಗದವೇ, ಕಾಗದ ಇಲ್ದೆ ಅವರು ಸೀನೋದೂ ಇಲ್ಲ. ಅನುಮಾನ ಪಡಲಿಲ್ಲ, ಪಟ್ಟಿದ್ದರೆ ಒಳ್ಳೆಯದಿತ್ತು. ಹಾಗಾದ್ರೆ ಈ ಸಾಮಾನನ್ನೆಲ್ಲ ಯಾಕೆ ಲಿಲೊಂಗ್ವೆವರೆಗೂ ಹೊತ್ಕೊಂಡು ಹೋಗ್ತೀರಿ, ಕೊಡಿ, ಇವತ್ತೇ ಮುಟ್ಟಿಸ್ತೀನಿ, ಹಾಸಿಗೆ ಬಂತು ಅಂದ್ರೆ ಆಳು ಬಂದ ಹಾಗೇ. ಹೌದು, ಇಲ್ಲಿ ಹಾಗೇ, ಮದುವೆಯಾದವಳ ಪಾತ್ರೆ ಗಂಡನ ಮನೆ ಸೇರಿದ ದಿನವೇ ಅವಳು ಸೇರಿದ ದಿನ, ಹೊಸ ಮೇಷ್ಟರ ಟ್ರಂಕು ಊರಿಗೆ ಬಂದರೆ ಶಾಲೆ ಶುರುವಾಯಿತೆಂದೇ ಲೆಕ್ಕ, ತನ್ನ ಹಾಸಿಗೆಯನ್ನು ಮುಂದೆ ಕಳಿಸಿ ತಾನು ಹಿಂದೆ ಉಳಿಯುವವರು ಯಾರೂ ಇಲ್ಲ. ಬೇಡ ಅಣ್ಣ ಎಂದು ಬಾಯಿ ತೆರೆದಳು, ಅಷ್ಟರಲ್ಲಿ ಕಂಡಕ್ಟರ್, ದೇವರು ಒಳ್ಳೇದು ಮಾಡಲಿ ದೊಡ್ಡಣ್ಣ, ಆ ಹಾಸಿಗೇನೂ ತಗೊಂಡು ಹೋಗು ಕೋಳಿನೂ ತಗೊಂಡು ಹೋಗು, ಎಂದು ತಾನೇ ಬಗ್ಗಿ ಬುಟ್ಟಿ ಎಳೆದು ಕಿಟಕಿಯಿಂದ ದಾಟಿಸಿದ, ಕಿರುಬೆರಳಿಗೆ ಬೆಚ್ಚಗಿದ್ದದ್ದು ಹೋಯಿತು, ಅಲ್ಲಿ ಗಾಳಿ. ಹಾಸಿಗೆ ಕುಮ್ವೆಂಡಾನ ಹೆಗಲ ಮೇಲೆ, ಪಾತ್ರೆ ಒಂದು ಕೈಯಲ್ಲಿ, ಎರಡು ಹೆಜ್ಜೆ ಹೋದವನು ತಿರುಗಿದ. ಬೀಗದ ಕೈ ಕೊಡಿ ಸಿಸ್ಟರ್, ಒಳಗಿಡಿಸ್ತೀನಿ. ಕೆಂಪು ಚಿಂದಿ ಅವಳ ಮುಷ್ಟಿಯಿಂದ ಸ್ವಲ್ಪ ಹೊರಗಿತ್ತು, ಹೆಬ್ಬೆರಳಿನಿಂದ ಒಳಕ್ಕೆ ತುರುಕಿದಳು. ಅಮ್ಮನ ಹತ್ರ ಉಳಿದುಹೋಯ್ತು ಅಣ್ಣ. ಪರವಾಗಿಲ್ಲ, ಜಗಲಿ ಮೇಲೆ ಇಡಿಸ್ತೀನಿ, ಅಜ್ಜಿ ಇದಾಳಲ್ಲ, ನಾಯೀನೂ ಹತ್ತಿರ ಬಿಡಲ್ಲ.

ಯಾಕೆ ಕೊಡಲಿಲ್ಲ. ಕೊಟ್ಟಿದ್ದರೆ ಬಾಗಿಲಾದರೂ ತೆರೆಯುತ್ತಿತ್ತು, ಬೇನೆ ಬಂದ ಎನೆಲೆಸ್ ಗೋಡೆಗಳ ನಡುವೆ ಮಲಗಬಹುದಿತ್ತು, ಅಜ್ಜಿ ಮೇಕೆಯ ದಂಡಕ್ಕೆ ಹೆದರದೆ ಒಳಗಿಂದ ಚಿಲಕ ಹಾಕಿಕೊಂಡು ಕೂಸು ಹಿಡಿಯಬಹುದಿತ್ತು. ಕೊಟ್ಟರೆ ಅದು ಬೇಡ ಎಂದ ಹಾಗೆ, ಅದಕ್ಕೇ ಕೊಡಲಿಲ್ಲ, ಒಂಬತ್ತು ತಿಂಗಳಾದ ಮೇಲೆ ಥೋಕೊ ಬಂದು ಅಂಗಿ ಬಿಚ್ಚು ಅಂದಾಗ ಈ ಮನೆ ಹೀಗೇ ಬೀಗ ಹಾಕಿಕೊಂಡು ಕಾಯುತ್ತಿರಬೇಕು, ಅದಕ್ಕೆ, ಎರಡೂ ಬೇಕು ಅವಳಿಗೆ, ಹೇಳು, ಬಾಯಿಬಿಟ್ಟು ಹೇಳು, ಎರಡೂ. ಕಾಯುವುದಿಲ್ಲ, ನಾಲ್ಕೂವರೆಯ ಮೇಲೆ ಕಾಯಲು ಅಲ್ಲಿ ಏನೂ ಇರುವುದಿಲ್ಲ, ಅದೂ ಗೊತ್ತು, ಗೊತ್ತಿದ್ದೂ ಮುಷ್ಟಿ ಬಿಚ್ಚುತ್ತಿಲ್ಲ. ಕೊನೆಯ ಸೀಟಿಗೆ ಒಬ್ಬ ಪಾದ್ರಿ ಬಂದು ಕೂತರು, ಬಾಗಿಲು ಎಳೆದರು, ಮಿನಿಬಸ್ ಅಲುಗಿತು. ಪಿಕಪ್ಪೂ ಹೊರಟಿತು, ಚೌಕದವರೆಗೂ ಎರಡೂ ಒಂದೇ ರಸ್ತೆ, ಮುಂದೆ ಅವಳ ಹಾಸಿಗೆ ಕಾಣುತ್ತಿತ್ತು, ಒಬ್ಬ ಹೆಂಗಸು ಅದಕ್ಕೆ ಒರಗಿ ಕೂತು ಕೋಳಿಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು, ಚೌಕದಲ್ಲಿ ಅದು ಎಡಕ್ಕೆ ತಿರುಗಿತು. ಮೇಡಂದು ಮೆಸೇಜು, ಹೊರಟೆಯಾ. ಹೊರಟೆ ಮೇಡಂ. ನಾಳೆ ಅಂಗಿಯ ಅಳತೆ, ಸೋಮವಾರ ಮೈದಾನ, ಗೆರೆ ಎಳೆದ ಸಿಮೆಂಟಿನ ಮೈದಾನ, ಹಾರು, ಈಗ ಹಾರಬೇಕು ಮನಸ್ಸು, ಇದಕ್ಕಾಗಿಯೇ ಅಲ್ಲವೇ, ಚೆಂಡು ಅಂಗೈಗೆ ಬಡಿಯುವ ಸದ್ದನ್ನು ನೆನಪಿಸಿಕೊಂಡಳು, ಬರಲಿಲ್ಲ, ಅಂಗೈಯಲ್ಲಿ ಬೀಗದ ಕೈಯ ಹಲ್ಲು ಒತ್ತುತ್ತಿತ್ತು. ಮಧ್ಯಾಹ್ನ ಅವರು ಹಾಸಿಗೆಯನ್ನು ಇಳಿಸುತ್ತಾರೆ, ಹಾಡುತ್ತಾರೆ, ಹಾಸಿಗೆಗೆ ಹಾಡುತ್ತಾರೆ, ಜಗಲಿಯ ಮೇಲೆ ನಿಲ್ಲಿಸುತ್ತಾರೆ, ಎನೆಲೆಸ್ ಅದೇ ಕಂಬಕ್ಕೆ ಒರಗುತ್ತಾಳೆ. ಎಲ್ಲರೂ ಹೋದ ಮೇಲೆ ಅಜ್ಜಿ ಪೊರಕೆ ತೆಗೆದುಕೊಳ್ಳುತ್ತಾಳೆ. ನಾಳೆಯೂ. ಸೋಮವಾರ ಪಿಕಪ್ ಬರುವ ಮುಂಚೆ ಇನ್ನೂ ಬೇಗ. ಹೊಸ್ತಿಲಿನಿಂದ ಶುರು ಮಾಡಿ, ಬಗ್ಗಿ, ಹಿಂದಕ್ಕೆ, ಹಿಂದಕ್ಕೆ, ತನ್ನ ಹೆಜ್ಜೆ ತಾನೇ ಅಳಿಸುತ್ತ ಬೇಲಿಯವರೆಗೂ. ಬೀಗ ಹಾಕಿದ ಬಾಗಿಲು, ನೀಲಿ ಹಗ್ಗದ ಹಾಸಿಗೆ. ಕೆಂಪು ಮಣ್ಣು, ಅರ್ಧಚಂದ್ರದ ಗೆರೆಗಳು, ಒಂದರ ಪಕ್ಕ ಒಂದು. ಒಂದೂ ಹೆಜ್ಜೆ ಇಲ್ಲ. ಗೆರೆಗಳು, ಒಂದರ ಪಕ್ಕ ಒಂದು, ಒಂದೂ ಹೆಜ್ಜೆ